ಕೊಳವೆ ತೊಳೆದ ನೀರು

ಬರದ ಮನೆಯ ಎಳ್ಳಿಗೆ ಕದ್ದು ನೀರು ಹಾಕಿದಳೆಂದು ಕಳೆಯಕ್ಕನನ್ನು ಸೋಮವಾರ ಬೆಳಿಗ್ಗೆ ಕೆಲಸದಿಂದ ತೆಗೆದರು. ನೀರು ಹಾಕಿದವಳು ಆಕೆಯಲ್ಲ.

ಗುರುವಾರ ಬೆಳಿಗ್ಗೆ ಅವನು ಎಂದಿನಂತೆ ಮಣ್ಣು ತೆಗೆಯುವ ಕಬ್ಬಿಣದ ಕೊಳವೆಯನ್ನು ಹೆಗಲಿಗೇರಿಸಿಕೊಂಡು ಸಂಶೋಧನಾ ಕೇಂದ್ರದ ಗೇಟು ದಾಟುವಾಗ, ಗೇಟಿನವನು ಇವತ್ತೂ ಏನಾದರೂ ಅಂದಾನು ಎಂದು ಹೆಜ್ಜೆ ಚುರುಕು ಮಾಡಿದ. ಗೇಟಿನವನು ಅಂದೇಬಿಟ್ಟ. "ಏನ್ ಸಾರ್, ಎಳ್ಳಿಗೆ ನೀರು ಬಿಟ್ಟಿದ್ದಕ್ಕೆ ಕಳೆಯಕ್ಕನ ಕೆಲಸಕ್ಕೇ ಎಳ್ಳುನೀರು ಬಿಟ್ಟರಂತಲ್ಲ." ತನ್ನ ಮಾತಿಗೆ ತಾನೇ ನಕ್ಕು, ನಕ್ಕಿದ್ದು ಸಾಲದೆನ್ನುವಂತೆ ಇವನ ಮುಖವನ್ನೂ ನೋಡಿದ. ಇವನೂ ನಕ್ಕ. ನಕ್ಕ ಮೇಲೆ, ನಗುವಾಗ ತನ್ನ ಹಲ್ಲು ಎಷ್ಟು ಕಂಡಿರಬಹುದು, ಅಷ್ಟು ನಗಬೇಕಿತ್ತೇ, ನಗದಿದ್ದರೆ ಅವನಿಗೆ ಅನುಮಾನ ಬರುತ್ತಿತ್ತೇ ಎಂದು ಯೋಚಿಸುತ್ತ ಕಂಬಗಳ ಸಾಲಿನುದ್ದಕ್ಕೂ ನಡೆದ. ಬಾಯಿ ಒಣಗಿತ್ತು. ಮೂರು ದಿನದಿಂದ ಎಷ್ಟು ನೀರು ಕುಡಿದರೂ ನಾಲಿಗೆ ಅಂಗುಳಿಗೆ ಅಂಟಿಕೊಂಡೇ ಇರುತ್ತಿತ್ತು. ಬೆಳಿಗ್ಗೆ ಹೆಂಡತಿ ಕನ್ನಡಿಯ ಮುಂದೆ ಕೂದಲಿಗೆ ಪಿನ್ನು ಚುಚ್ಚಿಕೊಳ್ಳುತ್ತ, ಹಲ್ಲಿನ ನಡುವೆ ಇನ್ನೊಂದು ಪಿನ್ನು ಕಚ್ಚಿಕೊಂಡೇ, "ಎಳ್ಳಷ್ಟು ವಿಷಯಕ್ಕೆ ಇಷ್ಟು ಸೊರಗಿದರೆ ಹೇಗೆ? ನೀವೇನು ಆಕೆಯನ್ನ ತೆಗೆದ್ರಾ? ತೆಗೆದಿದ್ದು ಅವರು" ಎಂದಿದ್ದಳು. ಅವಳು ಆಸ್ಪತ್ರೆಯಲ್ಲಿ ರಕ್ತ ತೆಗೆಯುವವಳು. ಸೂಜಿ ಚುಚ್ಚುವ ಮೊದಲು ರೋಗಿಗೆ ಹೇಳುವ ದನಿಯಲ್ಲೇ ಮನೆಯಲ್ಲೂ ಮಾತಾಡುತ್ತಾಳೆ. ಅವಳಿಗೆ ಅವನು ಅರ್ಧ ಹೇಳಿದ್ದ. ಉಳಿದರ್ಧ ಕೊಳವೆಯೊಳಗಿನ ಮಣ್ಣಿನಂತೆ ಗಂಟಲಲ್ಲಿ ಕೂತಿತ್ತು.

ಬರದ ಮನೆ ಎಂದರೆ ಗೋಡೆಯಿರುವ ಮನೆಯಲ್ಲ. ಎರಡು ಹಳಿಗಳ ಮೇಲೆ ಉರುಳುವ ಪಾರದರ್ಶಕ ಛಾವಣಿ, ಅದರ ಕೆಳಗೆ ಅರವತ್ತು ಮಡಿ ಎಳ್ಳು. ಮೋಡ ಕವಿದರೆ ಗಂಟೆ ಹೊಡೆದುಕೊಳ್ಳುತ್ತದೆ, ಛಾವಣಿ ಗಡಗಡನೆ ಬಂದು ಮಡಿಗಳ ಮೇಲೆ ನಿಲ್ಲುತ್ತದೆ, ಸುತ್ತಲ ಲೋಕವೆಲ್ಲ ತೊಯ್ದು ತೊಪ್ಪೆಯಾದರೂ ಒಳಗೆ ಒಂದು ಹನಿ ಬೀಳುವುದಿಲ್ಲ. ಹೊರಗೆ ಬರ ತನಗೆ ತೋಚಿದಾಗ ಬರುತ್ತದೆ. ಇಲ್ಲಿ ಅದಕ್ಕೆ ವೇಳಾಪಟ್ಟಿಯಿದೆ, ಕಡತವಿದೆ, ಮೇಲುಸ್ತುವಾರಿಯಿದೆ. ಇಪ್ಪತ್ತು ತಳಿ, ಒಂದೊಂದಕ್ಕೆ ಮೂರು ಮಡಿ. ಬಿತ್ತಿದ ಮೂವತ್ತನೆಯ ದಿನ ನೀರು ನಿಲ್ಲಿಸಿ, ಯಾವ ತಳಿ ತಾಳುತ್ತದೆ ಯಾವುದು ಮಲಗುತ್ತದೆ ಎಂದು ಕಾದು ನೋಡುವುದು ಕೇಂದ್ರದ ಕೆಲಸ. ದಿನವೂ ಕೊಳವೆಯನ್ನು ನೆಲಕ್ಕೆ ಹೊಡೆದು ಮಣ್ಣು ಮೇಲೆತ್ತಿ, ಎಷ್ಟು ಆಳದಲ್ಲಿ ಎಷ್ಟು ತೇವ ಉಳಿದಿದೆ ಎಂದು ಅಳೆಯುವುದು ಅವನ ಕೆಲಸ. ಕಳೆ ಕೀಳುವುದು ಕಳೆಯಕ್ಕನ ಕೆಲಸವಾಗಿತ್ತು. ಹೆಸರು ಬೇರೆ ಏನೋ ಇತ್ತು. ಹಾಜರಿ ಕೂಗುವವನನ್ನು ಬಿಟ್ಟರೆ ಅದು ಯಾರಿಗೂ ಬೇಕಾಗಿರಲಿಲ್ಲ. "ಮುಖದಲ್ಲಿ ಕಳೆ ಇರೋದಕ್ಕೆ ಹಾಗಂತಾರೆ, ತಪ್ಪು ತಿಳ್ಕೋಬೇಡಿ" ಎಂದು ಹೊಸಬರಿಗೆ ಆಕೆಯೇ ಹೇಳುತ್ತಿದ್ದಳು. ಹನ್ನೊಂದು ವರ್ಷದ ಹಿಂದೆ ಅವನು ಹೊಸಬನಾಗಿದ್ದಾಗ, ಎರಡೆಲೆಯ ಎಳ್ಳಿನ ಸಸಿಯನ್ನು ಕಳೆಯೆಂದು ಕಿತ್ತು ಸಾಲಿಗೆ ಸಾಲನ್ನೇ ಬೋಳು ಮಾಡಿದಾಗ, ಕಿತ್ತದ್ದನ್ನೆಲ್ಲ ಸೆರಗಿನಲ್ಲಿ ಮುಚ್ಚಿಕೊಂಡು ಹೋಗಿ ಗೊಬ್ಬರದ ಗುಂಡಿಗೆ ಸುರಿದು ಬಂದಿದ್ದಳು. "ಈ ಸಾಲಲ್ಲಿ ಬೀಜ ಹುಟ್ಟಲಿಲ್ಲ ಅಂತ ಬರೀರಿ ತಮ್ಮಾ. ಇದೊಂದು ಸಲ." ಅವನು ಹಾಗೇ ಬರೆದಿದ್ದ. ಅಂದಿನಿಂದ ಆಕೆಗೆ ಅವನು ತಮ್ಮ.

ಹನ್ನೊಂದು ಗಂಟೆಯ ಹೊತ್ತಿಗೆ ಬಿಸಿಲು ಛಾವಣಿಯ ಅಂಚಿನಿಂದ ಇಳಿದು ಮಡಿಗಳ ಮೇಲೆ ಕೂತಿತು. ಅವನು ಮಂಡಿಯೂರಿ ನಾಲ್ಕನೆಯ ತಳಿಯ ಮಡಿಯಲ್ಲಿ ಕೊಳವೆ ಇಳಿಸುತ್ತ ಗಿಡಗಳನ್ನು ನೋಡಿದ. ಈ ಹೊತ್ತಿಗೆ ಎಳ್ಳು ತನ್ನ ಎಲೆಗಳನ್ನು ಜೋಲು ಬಿಡುತ್ತದೆ. ಬಿಸಿಲಿಗೆ ಮೈಯೊಡ್ಡುವ ಬದಲು ಅಂಚನ್ನು ಕೊಡುತ್ತದೆ. ಎಲೆಯ ಅಡಿಯ ಕಣ್ಣಿಗೆ ಕಾಣದ ಬಾಯಿಗಳನ್ನು ಮುಚ್ಚಿಕೊಂಡು ಉಸಿರು ಹಿಡಿಯುತ್ತದೆ. ಬುಡದ ಎಲೆಗಳನ್ನು ಹಳದಿ ಮಾಡಿ ಉದುರಿಸಿ, ಅವಕ್ಕೆ ಕೊಟ್ಟಿದ್ದನ್ನು ವಾಪಸು ಎಳೆದುಕೊಂಡು ತುದಿಗೆ ಕಳಿಸುತ್ತದೆ. ಎಂಟು ಹೂವಿನಲ್ಲಿ ಐದನ್ನು ತಾನೇ ಚೆಲ್ಲುತ್ತದೆ. ಕಾಯಿ ಕಡಿಮೆ, ಕಾಳು ಕಡಿಮೆ, ಕಾಳಿನೊಳಗಿನ ಎಣ್ಣೆಯೂ ಕಡಿಮೆ. ಆದರೂ ಒಂದೆರಡು ಕಾಯಿ ಕಟ್ಟಿಯೇ ತೀರುತ್ತದೆ. ಇದನ್ನೆಲ್ಲ ಕೇಂದ್ರದ ವರದಿಗಳಲ್ಲಿ 'ಹೊಂದಾಣಿಕೆ' ಎನ್ನುತ್ತಾರೆ. ಇರುವುದನ್ನು ಕಳೆದುಕೊಂಡು ಬದುಕುವುದಕ್ಕೆ ಎಷ್ಟು ಒಳ್ಳೆಯ ಮಾತು ಹುಡುಕಿದ್ದಾರೆ ಎಂದು ಅವನಿಗೆ ಹಿಂದೊಮ್ಮೆ ಅನ್ನಿಸಿತ್ತು. ಈಗ ಅನ್ನಿಸಿದ್ದು ಬೇರೆ: ಬುಡದ ಎಲೆ ಉದುರುವಾಗ ಅದನ್ನು ಯಾರೂ ಕೇಳಿರುವುದಿಲ್ಲ. ಮಣ್ಣಿನ ಒಳಗೆ ಇನ್ನೊಂದು ಕೆಲಸ ನಡೆದಿರುತ್ತದೆ. ನೀರು ನಿಂತ ವಾರದೊಳಗೆ ತಾಯಿಬೇರು ಪಕ್ಕಕ್ಕೆ ಹರಡುವುದನ್ನು ಬಿಟ್ಟು ನೆಟ್ಟಗೆ ಕೆಳಗಿಳಿಯತೊಡಗುತ್ತದೆ, ಕಪ್ಪು ಮಣ್ಣು ದಾಟಿ, ಮೊಣಕೈ ಉದ್ದದ ಕೆಳಗಿನ ಕೆಂಪು ಮಣ್ಣು ಹೊಕ್ಕು, ಅಲ್ಲಿನ ತೇವ ಹುಡುಕುತ್ತದೆ. ಬಾಯಾರಿದ್ದಕ್ಕೆ ಅದು ಇಳಿಯುತ್ತದೆ. ನಡುವೆ ಮೇಲಿಂದ ಒಂದಿಷ್ಟು ನೀರು ಸಿಕ್ಕಿತೋ, ಇಳಿಯುವುದನ್ನು ನಿಲ್ಲಿಸಿ ಮೇಲೇ ಪೊದೆಯಂತೆ ಹರಡಿ ಕೂರುತ್ತದೆ. ನೋಡಲು ಹಸಿರಾಗಿರುತ್ತದೆ. ನಾಳೆ ನಿಜವಾದ ಬರ ಬಂದರೆ ಮೊದಲು ಸಾಯುವುದು ಅದೇ.

ಹದಿನಾಲ್ಕನೆಯ ತಳಿ ಹಾಗೆ ಹಸಿರಾಗಿತ್ತು. ಮೂರೂ ಮಡಿಯಲ್ಲಿ. ಹದಿನಾಲ್ಕು ದೊಡ್ಡವರ ತಳಿ, ಒಂಬತ್ತು ವರ್ಷ ಕೂಡಿಸಿ ಕಳೆದು ಅವರು ಮಾಡಿದ್ದು. ಬಿಡುಗಡೆಯಾದರೆ ನೀರಿಲ್ಲದ ಸೀಮೆಗಳ ಹೊಲಗಳಿಗೆಲ್ಲ ಅದರ ಬೀಜ ಹೋಗುತ್ತದೆ. ಕೇಂದ್ರದ ಮುಖ್ಯಸ್ಥರನ್ನು ಎಲ್ಲರೂ ದೊಡ್ಡವರು ಎನ್ನುವುದು, ಎದುರಿಗೆ ಸರ್. ಅವರು ಒಳ್ಳೆಯ ಮನುಷ್ಯ. ದನಿ ಏರಿಸಿದ್ದನ್ನು ಯಾರೂ ಕೇಳಿಲ್ಲ. ನೀರು ನಿಲ್ಲಿಸಿದ ಐದನೆಯ ದಿನ, ಉಳಿದ ಗಿಡಗಳಂತೆ ಹದಿನಾಲ್ಕೂ ಎಲೆ ಜೋಲು ಬಿಟ್ಟದ್ದನ್ನು ನೋಡಿ, ಇವನ ಹೆಗಲ ಮೇಲೆ ಕೈಯಿಟ್ಟು, "ಹದಿನಾಲ್ಕನ್ನ ಸ್ವಲ್ಪ ನೋಡ್ಕೋಪ್ಪ" ಎಂದಿದ್ದರು. ಅಷ್ಟೇ. ನೋಡ್ಕೋ ಎಂದರೆ ಕಣ್ಣಿಡು ಎಂದೂ ಆಗುತ್ತದೆ, ಜೋಪಾನ ಮಾಡು ಎಂದೂ ಆಗುತ್ತದೆ. ಮಗು ಅಳುತ್ತಿದೆ ನೋಡ್ಕೋ ಎಂದರೆ ಯಾರೂ ದೂರ ನಿಂತು ನೋಡುವುದಿಲ್ಲ. ಒಲೆ ಮೇಲೆ ಹಾಲಿದೆ ನೋಡ್ಕೋ ಎಂದರೆ ಉಕ್ಕುವುದನ್ನು ನೋಡುತ್ತ ನಿಲ್ಲುವವನು ಮೂರ್ಖ. ಅವನ ಕಾಯಮಾತಿಯ ಕಡತ ಆ ತಿಂಗಳೇ ದೊಡ್ಡವರ ಮೇಜಿಗೆ ಬಂದಿತ್ತು, ಹನ್ನೊಂದು ವರ್ಷದ ಹಂಗಾಮಿ ಕೆಲಸದ ನಂತರ. ಇಪ್ಪತ್ತೆರಡು ದಿನ ಅವನು ಆ ಒಂದು ಮಾತನ್ನು ಮಗುಚಿ ಹಾಕುತ್ತಲೇ ಇದ್ದ; ಮಗುಚುತ್ತಲೇ ನೀರು ಹಾಕುತ್ತಲೂ ಇದ್ದ.

ಹಾಕಿದೆ ಎಂದು ಮಾತ್ರ ಅವನು ತನ್ನೊಳಗೆ ಒಂದು ದಿನವೂ ಅಂದುಕೊಂಡಿರಲಿಲ್ಲ. ಮಣ್ಣು ತೆಗೆದಾದ ಮೇಲೆ ದಿನವೂ ಕೊಳವೆ ತೊಳೆಯಬೇಕು, ಇಲ್ಲವಾದರೆ ಒಂದು ಮಡಿಯ ಮಣ್ಣು ಇನ್ನೊಂದಕ್ಕೆ ಬೆರೆತು ಅಳತೆ ಕೆಡುತ್ತದೆ. ತೊಳೆಯುವುದು ಹೊರಗಿನ ಚರಂಡಿಯ ಬಳಿ, ಛಾವಣಿಯ ಹಳಿಯಿಂದ ಹತ್ತು ಹೆಜ್ಜೆ ಆಚೆ. ಹಾಗೆಂದು ಕಚೇರಿಯ ಗೋಡೆಗೆ ಬರೆದು ಅಂಟಿಸಿದ್ದಾರೆ. ಆರನೆಯ ದಿನ ಅವನಿಗೆ ಸೊಂಟ ನೋಯುತ್ತಿತ್ತು. ನಿಜವಾಗಿಯೂ ನೋಯುತ್ತಿತ್ತು. ಎರಡು ಬಕೆಟ್ಟು ಹೊತ್ತುಕೊಂಡು ಬಂದು ಹದಿನಾಲ್ಕರ ಅಂಚಿನಲ್ಲೇ ಕೂತು ಕೊಳವೆ ತೊಳೆದ. ತೊಳೆದ ನೀರು ತನ್ನ ಪಾಡಿಗೆ ಹರಿದು ಗಿಡದ ಬುಡ ಸೇರಿತು. ಮರುದಿನ ಸೊಂಟ ನೋಯಲಿಲ್ಲ, ಅಲ್ಲೇ ತೊಳೆದ. ಮೂರು ಮಡಿಗೂ ಸರದಿ ಹಾಕಿಕೊಂಡ. ತೇವ ಅಳೆಯಲು ಹದಿನಾಲ್ಕರಲ್ಲಿ ಮಣ್ಣು ತೆಗೆಯುವಾಗ ಮಾತ್ರ ನೀರು ತಾಗದ ಆಚೆ ತುದಿಗೆ ಹೋಗುತ್ತಿದ್ದ, ಯಾಕೆಂದು ತನ್ನನ್ನು ಕೇಳಿಕೊಳ್ಳದೆ. ಸುಳ್ಳನ್ನು ಒಂದೇ ಸಲ ಹೇಳುವವನಿಗೆ ಎದೆ ಹೊಡೆದುಕೊಳ್ಳುತ್ತದೆ. ಅವನು ಅದನ್ನು ದಿನಕ್ಕೆ ಎರಡು ಬಕೆಟ್ಟಿನಂತೆ ಹೇಳಿದ್ದರಿಂದ ಎದೆಗೆ ಗೊತ್ತೇ ಆಗಲಿಲ್ಲ. ಗೊತ್ತಾದದ್ದು ಹೋದ ಶುಕ್ರವಾರ.

ಶುಕ್ರವಾರ ತಳಿ ಒಪ್ಪುವ ಸಮಿತಿಯ ಇಬ್ಬರು ಮುಂಚಿತವಾಗಿ ಬಂದಿದ್ದರು. ಬಿಳಿ ಟೋಪಿ, ಬಗಲಲ್ಲಿ ಕೊಡೆ. ದೊಡ್ಡವರು ಹದಿನಾಲ್ಕರ ಮುಂದೆ ನಿಂತು ಮೆಲ್ಲಗೆ ವಿವರಿಸುತ್ತಿದ್ದರು. ಕಳೆಯಕ್ಕ ಅದೇ ಮಡಿಯಲ್ಲಿ ಕೂತಿದ್ದಳು, ಯಾರೂ ಆಕೆಯನ್ನು ಎದ್ದೇಳು ಎನ್ನಲಿಲ್ಲ, ಏಕೆಂದರೆ ಆಕೆ ಅಲ್ಲಿ ಇರುವುದು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಕಳೆಯ ಜೊತೆ ಒಂದು ಎಳ್ಳಿನ ಗಿಡವೂ ಕಿತ್ತು ಬಂತು. ಮೂವತ್ತು ವರ್ಷ ಕಿತ್ತ ಕೈಗೆ ಗಿಡ ಎಷ್ಟು ಜಗ್ಗಿದರೆ ಬರಬೇಕು ಎಂಬ ಅಂದಾಜಿರುತ್ತದೆ. ಇದು ಮುಟ್ಟಿದೊಡನೆ ಬಂದಿತು. ಆಕೆ ಅದನ್ನು ತಿರುಗಿಸಿ ಬೇರು ನೋಡಿ, ಮಣ್ಣು ಕೊಡವಿ, ಟೋಪಿಗಳ ಎದುರು ಎತ್ತಿ ಹಿಡಿದಳು. "ಇದಕ್ಕೆ ಯಾರೋ ಕುಡಿಸ್ತಿದಾರೆ ಸಾರ್. ಬೇರು ನೋಡಿ, ಕೆಳಗಿಳಿಯೋ ಗೋಜಿಗೇ ಹೋಗಿಲ್ಲ. ಮನೆ ಅಳಿಯನ ಥರ ಮೇಲೇ ಕಾಲು ಚಾಚ್ಕೊಂಡು ಕೂತಿದೆ." ಟೋಪಿಯವರಲ್ಲಿ ಒಬ್ಬ ನಗಲು ಹೋಗಿ, ಬೇರು ನೋಡಿ, ನಗುವುದನ್ನು ನಿಲ್ಲಿಸಿದ. ಲಿಖಿತ ವಿವರಣೆ ಬೇಕೆಂದರು. ಅವರು ಹೋದ ಮೇಲೆ ದೊಡ್ಡವರು ಸಾಲಾಗಿ ಎಲ್ಲರನ್ನೂ ಕೇಳಿದರು. ಇವನ ಸರದಿ ಬಂದಾಗ ಕೇಳಿದ್ದು ಒಂದೇ ಪ್ರಶ್ನೆ: "ಆಕೆ ಕುಡಿಯೋ ನೀರಿನ ಬಿಂದಿಗೆ ಒಳಗೆ ತರ್ತಾಳಾ?" ಕಳೆಯಕ್ಕ ಮೂರಡಿ ದೂರದಲ್ಲಿ ನಿಂತಿದ್ದಳು. ಬಿಂದಿಗೆ ಒಳಗೆ ತರುವುದು ನಿಜ. ಎಲ್ಲ ಹೆಂಗಸರೂ ತರುತ್ತಾರೆ. ಆ ಸೆಕೆಯಲ್ಲಿ ತರದಿದ್ದರೆ ಗಿಡಕ್ಕಿಂತ ಮೊದಲು ಅವರೇ ಮಲಗುತ್ತಾರೆ. ಅವನು ಕೊಳವೆಯ ತುದಿ ನೋಡುತ್ತ, "ತರ್ತಾರೆ ಸರ್" ಎಂದ. ತರ್ತಾರೆ. ಬಹುವಚನ. ಗೌರವ ಕೊಟ್ಟೇ ಕತ್ತು ಕೊಯ್ದ. ಶುಕ್ರವಾರದಿಂದ ಆ ಒಂದು ಪದ ಊಟದ ತುತ್ತಿನಲ್ಲಿ, ಬಸ್ಸಿನ ಕಿಟಕಿಯ ಸದ್ದಿನಲ್ಲಿ, ಹೆಂಡತಿ ತರಕಾರಿಯವನೊಡನೆ ಆಡುವ ಮಾತಿನಲ್ಲಿ ಎಲ್ಲೆಲ್ಲೂ ಕೇಳುತ್ತಿತ್ತು. ಅದರಲ್ಲಿ ಒಂದಕ್ಷರ ಸುಳ್ಳಿಲ್ಲ. ಸೋಮವಾರದ ಆದೇಶದಲ್ಲಿ ಬರೆದಿದ್ದರು: ನೀರು ಬಿದ್ದಿದೆಯೆಂದು ಆಕೆಗೆ ಗೊತ್ತಿತ್ತು, ಆದ್ದರಿಂದ ಹಾಕಿದವಳು ಆಕೆಯೇ. ಇನ್ನು ಮೇಲೆ ಈ ಕೇಂದ್ರದ, ಇಂಥ ಇನ್ನಾವ ಕೇಂದ್ರದ ಹೊಲಕ್ಕೂ ಆಕೆಯನ್ನು ಸೇರಿಸಕೂಡದು. ತಿಳಿದವಳೇ ಕಳ್ಳಿ ಎನ್ನುವ ಈ ತರ್ಕವನ್ನು ಎಷ್ಟು ಓದಿದವರು ಕೂತು ಬರೆದಿರಬಹುದು.

"ಕೊಳವೆ ಇವತ್ತು ಎಲ್ಲಿ ತೊಳೀತೀರಿ ಸಾರ್?"

ಅವನು ಬೆಚ್ಚಿ ತಿರುಗಿದ. ಪಕ್ಕದ ಸಾಲಿನಲ್ಲಿ ಕಳೆ ಕೀಳುತ್ತಿದ್ದ ಇಬ್ಬರಲ್ಲಿ ಎಳೆಯವಳು ಕೇಳಿದ್ದು. ಮುಖಕ್ಕೆ ಬಟ್ಟೆ ಸುತ್ತಿಕೊಂಡಿದ್ದಳು, ಕಣ್ಣು ಮಾತ್ರ ಕಾಣುತ್ತಿತ್ತು. "ಯಾಕೆ?" ಎಂದ. "ಏನಿಲ್ಲ. ಬಕೆಟ್ಟು ಬೇಕಿತ್ತು." ಇನ್ನೊಬ್ಬಳು ತಲೆ ಎತ್ತದೆಯೇ, "ಸುಮ್ನಿರೇ. ಅವರು ಓದಿದೋರು, ಎಲ್ಲಿ ತೊಳೆದರೂ ಅವರ ಕೈ ಕ್ಲೀನು" ಎಂದಳು. ಇವರಿಗೆ ಗೊತ್ತೇ? ಗೊತ್ತಿದ್ದೂ ಸುಮ್ಮನಿದ್ದಾರೆಯೇ? ಹಾಗಾದರೆ ಯಾಕೆ ಸುಮ್ಮನಿದ್ದಾರೆ? ಗೊತ್ತಿದೆ ಎಂದವಳ ಗತಿ ಏನಾಯಿತೆಂದು ಕಂಡಿದ್ದಾರೆ, ಅದಕ್ಕೆ. ಅವನು ಕೊಳವೆಯನ್ನು ಚರಂಡಿಯ ಬಳಿ ಒಯ್ದು, ಎಲ್ಲರಿಗೂ ಕಾಣುವಂತೆ, ಬಟ್ಟೆ ಒಗೆಯುವವನಷ್ಟು ಸದ್ದು ಮಾಡುತ್ತ ತೊಳೆದ. ತೊಳೆದ ಮೇಲೆ ಮತ್ತೆ ತೊಳೆದ. ಆಗಲೇ ಕಚೇರಿಯಿಂದ ಕರೆ ಬಂತು.

ದೊಡ್ಡವರ ಕೋಣೆಯಲ್ಲಿ ಕಿಟಕಿಗೆ ತೇವದ ಪರದೆ, ಮೇಜಿನ ಮೇಲೆ ಮುಚ್ಚಳವಿಟ್ಟ ನೀರಿನ ಲೋಟ, ಗಾಜಿನ ಬಾಟಲಿಗಳಲ್ಲಿ ಇಪ್ಪತ್ತು ತಳಿಯ ಕಾಳು. "ಕೂತ್ಕೋಪ್ಪ" ಎಂದರು. ಹನ್ನೊಂದು ವರ್ಷದಲ್ಲಿ ಆ ಕೋಣೆಯಲ್ಲಿ ಅವನು ಕೂತದ್ದೇ ಇಲ್ಲ. ಕುರ್ಚಿಯ ತುದಿಗೆ ಕೂತು, ಚಪ್ಪಲಿಯ ಮಣ್ಣು ನೆಲಹಾಸಿಗೆ ತಾಗದಂತೆ ಹಿಮ್ಮಡಿ ಎತ್ತಿಕೊಂಡ. ಅವರು ಒಂದು ಹಾಳೆಯನ್ನು ಅವನ ಕಡೆ ಸರಿಸಿದರು. ಟೈಪು ಮಾಡಿದ್ದು, ಕೆಳಗೆ ಸಹಿಗೆ ಜಾಗ. "ನೋಡು, ಆಕೆ ಮೇಲೆ ನನಗೆ ಎಳ್ಳಷ್ಟೂ ದ್ವೇಷ ಇಲ್ಲ. ಕನಿಕರದ ಹೆಂಗಸು. ಗಿಡ ಬಾಡಿದ್ದು ನೋಡಕ್ಕಾಗದೆ ಒಂದು ದಿನ, ಒಂದು ಮಡಿಗೆ, ಒಂದು ಬಿಂದಿಗೆ ಹಾಕಿದ್ಳು. ಮನುಷ್ಯರು ಮಾಡೋ ತಪ್ಪು. ಶನಿವಾರದೊಳಗೆ ಅಷ್ಟನ್ನ ಬರೆದುಕೊಟ್ಟರೆ ಸಮಿತಿಯವರು ಆ ಒಂದು ಮಡಿ ಬಿಟ್ಟು ಉಳಿದೆರಡನ್ನ ಲೆಕ್ಕಕ್ಕೆ ತಗೋತಾರೆ. ಆಕೆ ಸೋಮವಾರದಿಂದ ಕೆಲಸಕ್ಕೆ ಬರಲಿ. ನಿನ್ನ ಮಾತು ಕೇಳ್ತಾಳೆ, ತಮ್ಮ ಅಂತಾಳಂತಲ್ಲ." ಅವನು ಹಾಳೆ ನೋಡಿದ. ಕನಿಕರದಿಂದ. ಒಂದೇ ಬಾರಿ. ನನ್ನ ಅಜ್ಞಾನವನ್ನು ಮನ್ನಿಸಬೇಕು. ಗಂಟಲಿನ ಮಣ್ಣು ಸ್ವಲ್ಪ ಅಲುಗಿತು. "ಸರ್, ಅದು... ಒಂದು ದಿನದ್ದಲ್ಲ. ಅದು ಕೊಳವೆ ತೊಳೆದ ನೀರು." ದೊಡ್ಡವರು ಲೋಟದ ಮುಚ್ಚಳ ತೆಗೆದರು, ಒಂದು ಗುಟುಕು ಕುಡಿದರು, ಮುಚ್ಚಳವನ್ನು ಸದ್ದಾಗದಂತೆ ಮತ್ತೆ ಇಟ್ಟರು. "ಯಾವ ಕೊಳವೆ? ಕೊಳವೆ ಎಲ್ಲಿ ತೊಳೀಬೇಕು ಅಂತ ನಿಯಮ ಇದೆ. ನೀನು ನಿಯಮ ಮುರಿಯೋನಲ್ಲ. ನಿನ್ನ ಕಡತಕ್ಕೆ ನಾನು ಬರೆದಿರೋದು ಅದೇ ಮಾತು, ಬೇಕಾದರೆ ತೋರಿಸ್ತೀನಿ." ಕಡತ ಅಲ್ಲೇ ಇತ್ತು, ಹಸಿರು ದಾರ ಕಟ್ಟಿ. ನೀವೇ ನೋಡ್ಕೋ ಅಂದಿರಲ್ಲ ಸರ್ ಎಂಬ ವಾಕ್ಯ ಅವನ ಬಾಯಲ್ಲಿ ಪೂರ್ತಿ ಸಿದ್ಧವಾಗಿತ್ತು, ಕರ್ತೃ ಕ್ರಿಯಾಪದ ಸಮೇತ. ಅವನು ಅದನ್ನು ನುಂಗಿದ. ನುಂಗಿದ್ದು ಅವರಿಗೂ ಕಂಡಿತು, "ನೀರು ಕುಡೀತೀಯಾ?" ಎಂದು ಕೇಳಿದರು. ಬೇಡ ಸರ್ ಎಂದ. ಹಾಳೆಯನ್ನು ನಾಲ್ಕಾಗಿ ಮಡಿಸಿ ಜೇಬಿಗಿಟ್ಟುಕೊಂಡು ಹೊರಗೆ ಬಂದಾಗ ತಾನು ಬೇಡವೆಂದದ್ದು ನೀರೊಂದಕ್ಕೇ ಎಂದು ಅವನಿಗೆ ತಿಳಿಯಿತು.

ಬಸ್ಸಿನಲ್ಲಿ ನಿಂತು ಅವನು ಎಲ್ಲವನ್ನೂ ಜೋಡಿಸಿಕೊಂಡ. ಆಕೆ ಸಹಿ ಹಾಕಿದರೆ ಆಕೆಗೆ ಕೆಲಸ ಸಿಗುತ್ತದೆ, ದೊಡ್ಡವರಿಗೆ ತಳಿ ಸಿಗುತ್ತದೆ, ತನಗೆ ಕಾಯಂ ಆಗುತ್ತದೆ. ಯಾರಿಗೆ ನಷ್ಟ? ಹದಿನಾಲ್ಕನ್ನು ಬಿತ್ತುವವರಿಗೆ. ಅವರು ದೂರದಲ್ಲಿದ್ದಾರೆ, ಅವರ ಮುಖ ಅವನು ನೋಡಿಲ್ಲ. ಅವರ ಹೊಲದಲ್ಲಿ ನಲವತ್ತನೆಯ ದಿನ ಗಿಡಗಳೆಲ್ಲ ಒಮ್ಮೆಲೇ ಮಲಗಿದಾಗ ಅವರು ಮಣ್ಣನ್ನೋ ಬಿಸಿಲನ್ನೋ ತಮ್ಮ ಹಣೆಬರಹವನ್ನೋ ಬೈಯುತ್ತಾರೆ. ಒಂದು ಕೊಳವೆಯನ್ನು ಯಾರೂ ಬೈಯುವುದಿಲ್ಲ. ಇಲ್ಲ, ಆಕೆಗೆ ಮೊದಲು ನಿಜ ಹೇಳಿಬಿಡಬೇಕು. ಹೇಳಿ, ಆಮೇಲೆ ಸಹಿ ಕೇಳಬೇಕು. ಅಥವಾ ಸಹಿ ಆದ ಮೇಲೆ ನಿಜ ಹೇಳಬಹುದು, ಆಗ ಇಬ್ಬರಿಗೂ ಹಗುರ. ಎದುರು ಸೀಟಿನಲ್ಲಿ ಕೂತ ಹೆಂಗಸು ಅವನನ್ನೇ ನೋಡುತ್ತಿದ್ದಳು. ತಾನು ತುಟಿ ಅಲುಗಿಸುತ್ತಿದ್ದೇನೆಂದು ಅವನಿಗೆ ಆಗ ಗೊತ್ತಾಯಿತು.

ಕಳೆಯಕ್ಕನ ಕೋಣೆ ಒಂದು ಗ್ಯಾರೇಜಿನ ಮೇಲೆ, ಹೊರಗಿನ ಕಬ್ಬಿಣದ ಮೆಟ್ಟಿಲು ಹತ್ತಿ ಹೋಗಬೇಕು. ಸಂಜೆಯ ಬಿಸಿಲು ಬಾಗಿಲವರೆಗೆ ಬಂದಿತ್ತು. ಆಕೆ ಬಾಗಿಲ ಒಳಗೆ ಚಾಪೆಯ ಮೇಲೆ ಕೂತು ಅಂಗಿಗಳಿಗೆ ಗುಂಡಿ ಹಚ್ಚುತ್ತಿದ್ದಳು. ಒಂದು ಕಡೆ ಹಚ್ಚಿದ ಅಂಗಿಗಳ ರಾಶಿ, ಇನ್ನೊಂದು ಕಡೆ ಅದಕ್ಕಿಂತ ದೊಡ್ಡ ರಾಶಿ. ಕಳೆ ಕಿತ್ತು ಗಂಟುಗಟ್ಟಿದ ಬೆರಳಿಗೆ ಸೂಜಿ ಮತ್ತೆ ಮತ್ತೆ ಜಾರುತ್ತಿತ್ತು. "ಬನ್ನಿ ತಮ್ಮಾ" ಎಂದಳು, ಸಂತೆಯಲ್ಲಿ ಸಿಕ್ಕವರನ್ನು ಮಾತಾಡಿಸುವಷ್ಟು ಸಲೀಸಾಗಿ. "ನೋಡಿ, ಮುವ್ವತ್ತು ವರ್ಷ ಕೀಳೋ ಕೆಲಸ ಮಾಡಿದೆ, ಈಗ ಹಚ್ಚೋ ಕೆಲಸ. ನನ್ನ ಸೊಸೆ ತಂದುಕೊಟ್ಟಳು. ಹತ್ತು ಅಂಗೀಲಿ ನಾಲ್ಕನ್ನ ವಾಪಸ್ ಕಳಿಸ್ತಾರೆ, ಗುಂಡಿ ಸೊಟ್ಟ ಅಂತ." ಅವನು ಕೂರಲಿಲ್ಲ. ಕೂತರೆ ಹೇಳಲಾಗುವುದಿಲ್ಲ ಎನ್ನಿಸಿತು. ನಿಂತಲ್ಲಿಂದಲೇ ಹಾಳೆ ಬಿಡಿಸಿ ಕೊಟ್ಟ, ಸೋಮವಾರದಿಂದ ಕೆಲಸ ಎಂದ, ದೊಡ್ಡವರೇ ಒಪ್ಪಿದ್ದಾರೆ ಎಂದ, ಕೇಳದಿದ್ದರೂ ಇನ್ನೂ ಏನೇನೋ ಅಂದ. ಆಕೆ ಸೂಜಿಯನ್ನು ಸೆರಗಿಗೆ ಚುಚ್ಚಿ, ಹಾಳೆಯನ್ನು ಬೆಳಕಿಗೆ ಹಿಡಿದು, ಸಾಲಿನ ಕೆಳಗೆ ಬೆರಳಿಟ್ಟು ನಿಧಾನವಾಗಿ ಓದಿದಳು. ಬೆರಳು ಒಂದು ಕಡೆ ನಿಂತಿತು.

"ಒಂದೇ ಬಾರಿ ಅಂತ ಬರ್ದಿದಾರೆ. ಎಷ್ಟು ದಿನ ಹಾಕಿದ್ರಿ ತಮ್ಮಾ?"

"ಇಪ್ಪತ್ತೆರಡು," ಎಂದ ಅವನು. ಬಸ್ಸಿನಲ್ಲಿ ಜೋಡಿಸಿಕೊಂಡು ಬಂದ ಯಾವ ವಾಕ್ಯವೂ ಇರಲಿಲ್ಲ. ಹಾಜರಿ ಕೂಗಿದಾಗ ಓಗೊಟ್ಟಂತೆ ಅದು ಬಾಯಿಂದ ಬಂದುಬಿಟ್ಟಿತು.

"ನಾನು ಇಪ್ಪತ್ತಿರಬಹುದು ಅಂದ್ಕೊಂಡಿದ್ದೆ," ಎಂದಳು ಆಕೆ.

ಕೆಳಗೆ ಗ್ಯಾರೇಜಿನಲ್ಲಿ ಯಾರೋ ತಗಡು ಬಡಿಯುತ್ತಿದ್ದರು. ಅವನಿಗೆ ಮೊದಲು ಹಗುರವೆನಿಸಿತು. ಆಮೇಲೆ ಆ ಹಗುರದ ಬಗ್ಗೆಯೇ ನಾಚಿಕೆಯಾಯಿತು. ಯಾವಾಗಿಂದ ಗೊತ್ತು ಎಂದು ಕೇಳಿದ. ಅವನ ದನಿ ದೂರು ಹೇಳುವವನದಾಗಿತ್ತು.

"ನಿಮ್ಮ ಕೊಳವೆ ಆಳದ ಕೆಂಪು ಮಣ್ಣು ತರುತ್ತೆ. ಮೇಲೆ ಇರೋದೆಲ್ಲ ಕಪ್ಪು. ಹದಿನಾಲ್ಕರ ಬುಡದಲ್ಲಿ ದಿನಾ ಕೆಂಪು ಕೆಸರು ಕೂತಿರ್ತಿತ್ತು. ನೆಲ ನೋಡ್ಕೊಂಡೇ ಇರೋಳಿಗೆ ಅಷ್ಟೂ ಕಾಣ್ಸಲ್ವಾ?"

"ಮತ್ತೆ ನನ್ನ ಹೆಸರು ಯಾಕೆ ಹೇಳಲಿಲ್ಲ?"

"ಬೇರು ತೋರಿಸೋದು ನನ್ನ ಕೆಲಸ. ಹೆಸರು ಹೇಳೋದು ನಿಮ್ಮ ಕೆಲಸ ಅಂತ ಕಾದೆ. ಶುಕ್ರವಾರ ಕಾದೆ, ಸೋಮವಾರ ಕಾದೆ. ಇವತ್ತು ಮೆಟ್ಟಿಲು ಹತ್ತೋ ಸದ್ದು ಕೇಳಿ, ಹೇಳಿ ಬಂದಿರಬೇಕು ಅಂದ್ಕೊಂಡೆ. ನೀವು ನೋಡಿದರೆ ಕಾಗದ ತಂದಿದೀರಿ."

ಅವನು ಮಾತಾಡತೊಡಗಿದ. ಮಾತು ತಾನೇ ತಾನಾಗಿ ಬಂತು. ಸರಿ, ತಪ್ಪು ತನ್ನದೇ, ಆದರೆ ಈಗ ಅದನ್ನು ಹೇಳಿದರೆ ಇಡೀ ಪ್ರಯೋಗ ಬಿದ್ದುಹೋಗುತ್ತದೆ, ತನ್ನ ಹನ್ನೊಂದು ವರ್ಷ ನೀರಿನಲ್ಲಿ ಹೋಮವಾಗುತ್ತದೆ, ಆಕೆಗೂ ಕೆಲಸ ಸಿಗುವ ಖಾತರಿಯಿಲ್ಲ. ಸಹಿ ಹಾಕಿದರೆ ಸೋಮವಾರವೇ ಹೊಲಕ್ಕಿಳಿಯಬಹುದು. ಕಾಗದದಲ್ಲಿ ಏನಿದ್ದರೇನು, ಅಲ್ಲಿ ಎಲ್ಲರಿಗೂ ಆಕೆ ಎಂಥವಳೆಂದು ಗೊತ್ತು. ಕನಿಕರ ಎಂದು ಬರೆದಿದ್ದಾರೆ, ಕಳ್ಳತನ ಎಂದು ಬರೆದಿಲ್ಲವಲ್ಲ. ತನ್ನ ದನಿ ದೊಡ್ಡವರ ದನಿಯಷ್ಟೇ ಮೆತ್ತಗೆ ಇಳಿದಿರುವುದು ಅವನಿಗೇ ಕೇಳಿಸುತ್ತಿತ್ತು, ಕೇಳಿಸಿದರೂ ನಿಲ್ಲಿಸಲಾಗಲಿಲ್ಲ. ಆಕೆ ಕೊನೆಯವರೆಗೂ ಕೇಳಿದಳು. ಹಾಳೆಯ ಮೇಲೆ ಮತ್ತೊಮ್ಮೆ ಬೆರಳಾಡಿಸಿದಳು.

"ಕಳ್ಳಿ ಅಂತ ಬರೆದಿದ್ದರೆ ಇಷ್ಟು ಉರೀತಿರಲಿಲ್ಲ. ಕನಿಕರ ಅಂತೆ, ಅಜ್ಞಾನ ಅಂತೆ. ನೀರು ನಿಲ್ಸಿದ ಗಿಡ ಕೆಳಗಿಳಿಯಕ್ಕೆ ಶುರು ಮಾಡಿರುತ್ತೆ. ಆವಾಗ ಒಂದು ಚೊಂಬು ಹಾಕಿದರೂ ಅದರ ದಾರಿ ಕೆಡ್ಸಿದ ಹಾಗೆ. ಮಗೂಗೆ ನಡಿಯೋದು ಕಲಿಸ್ತಾ ಇರುವಾಗ ಎತ್ಕೊಂಡು ಬಿಟ್ಟ ಹಾಗೆ. ಮುವ್ವತ್ತು ವರ್ಷ ಎಳ್ಳಿನ ಬುಡದಲ್ಲಿ ಕೂತೋಳು, ನಂಗೆ ಅಷ್ಟೂ ಗೊತ್ತಿರಲಿಲ್ಲ, ಬಾಡಿದ್ದು ನೋಡಿ ಕರಗಿ ನೀರು ಹುಯ್ದೆ ಅಂತ ನನ್ನ ಕೈಯಾರೆ ಬರ್ದುಕೊಡ್ಲಾ? ನಾಳೆ ಆ ಹುಡುಗೀರು ಇದನ್ನ ಓದ್ತಾರೆ ತಮ್ಮಾ. ನಾನು ಕಲಿಸಿದ ಹುಡುಗೀರು."

"ಅಕ್ಕಾ, ಬರೀ ಒಂದು ಸಹಿ," ಎಂದು ಅವನು ಜೇಬಿನಿಂದ ಪೆನ್ನು ತೆಗೆದು ಮುಂದೆ ಚಾಚಿದ. ದೊಡ್ಡವರು ಶನಿವಾರದೊಳಗೆ ತರಲೇಬೇಕು ಎಂದಿದ್ದಾರೆ ಎಂದೂ ಸೇರಿಸಿದ.

ಆಕೆ ಹಾಳೆಯನ್ನು ಮೊದಲಿದ್ದ ಮಡಿಕೆಯಲ್ಲೇ ಮಡಿಸಿದಳು, ನಾಲ್ಕಾಗಿ, ಅಂಚಿಗೆ ಅಂಚು ಕೂಡಿಸಿ, ಉಗುರಿನಿಂದ ಗೆರೆ ಎಳೆದು. ಅದನ್ನು ಅವನ ಚಾಚಿದ ಕೈಯಲ್ಲಿ, ಪೆನ್ನಿನ ಮೇಲೆ ಇಟ್ಟಳು. ಸೆರಗಿನಿಂದ ಸೂಜಿ ಕಿತ್ತು, ದಾರದ ತುದಿಯನ್ನು ಬಾಯಲ್ಲಿ ಒದ್ದೆ ಮಾಡಿ, ಸೂಜಿಯ ಕಣ್ಣನ್ನು ಬಾಗಿಲ ಕಡೆಗೆ ಎತ್ತಿ ಹಿಡಿದಳು.

"ಹಾಕಲ್ಲ. ಸ್ವಲ್ಪ ಸರೀರಿ, ಬೆಳಕಿಗೆ ಅಡ್ಡ ನಿಂತಿದೀರಿ."